ಪದ ಮರೆತಾಗ ಎಲಾ ಏನು ಮಾಡಿದರು?

ಪ್ರಶ್ನೆ: ನಾನು ಐದನೇ ಕ್ಲಾಸ್. ಸಂಗೀತ ಪಾಠಕ್ಕೆ ಹೋಗುತ್ತೇನೆ. ಮೊನ್ನೆ ಅಪ್ಪ ಕಾರಿನಲ್ಲಿ ಎಲಾ ಫಿಟ್ಸ್‌ಜೆರಾಲ್ಡ್ ಅನ್ನುವವರ ಹಾಡು ಹಾಕಿದ್ದರು. ಅದು ಜಾಝ್ ಅಂತೆ. ಅವರು ಸ್ವಲ್ಪ ಹೊತ್ತು ಇಂಗ್ಲಿಷ್‌ನಲ್ಲಿ ಹಾಡಿದರು. ಆಮೇಲೆ ‘ಡೂ ಬಿ ಡೂ, ಶಾ ಬಾ ಡಾ’ ಅಂತ ಏನೇನೋ ಶುರು ಮಾಡಿದರು. ಅವರು ಪದ ಮರೆತುಬಿಟ್ಟರಾ? ಅವರು ಯಾರು? ಹಾಡೋದನ್ನ ಎಲ್ಲಿ ಕಲಿತರು? ನಾನೂ ಹಾಗೆ ಹಾಡಬಹುದಾ?

ಉತ್ತರ: ಇಲ್ಲ, ಮರೆತಿರಲಿಲ್ಲ. ಎಲಾ ಬೇಕಂತಲೇ ಹಾಗೆ ಹಾಡುತ್ತಿದ್ದರು. ಆದರೆ ಒಂದು ಸಲ ಅವರು ನಿಜವಾಗಿಯೂ ಪದ ಮರೆತರು. ಅದೂ ಸಾವಿರಾರು ಜನರ ಮುಂದೆ, ರೆಕಾರ್ಡಿಂಗ್ ನಡೆಯುತ್ತಿದ್ದಾಗ. ಮೊದಲು ಆ ಕಥೆಯನ್ನೇ ಹೇಳುತ್ತೇನೆ.

1960ರ ಫೆಬ್ರವರಿ 13. ಜರ್ಮನಿಯ ಬರ್ಲಿನ್ ನಗರದ ದೊಡ್ಡ ಸಭಾಂಗಣ. ಎಲಾಗೆ ಆಗ 42 ವರ್ಷ. ‘ಮ್ಯಾಕ್ ದಿ ನೈಫ್’ ಅನ್ನುವ ಹಾಡನ್ನು ಎತ್ತಿಕೊಂಡರು. ಈ ಹಾಡು ಹುಟ್ಟಿದ್ದೇ ಬರ್ಲಿನ್‌ನಲ್ಲಿ, 1928ರ ಒಂದು ನಾಟಕಕ್ಕಾಗಿ. ಅಂದರೆ ಹಾಡಿನ ತವರೂರಿನಲ್ಲೇ ಅದನ್ನು ಹಾಡಲು ಹೊರಟಿದ್ದರು. ಶುರು ಮಾಡುವ ಮೊದಲೇ ಜನರಿಗೆ ಹೇಳಿದರು: ಪದಗಳೆಲ್ಲ ನೆನಪಿರುತ್ತವೆ ಅಂದುಕೊಂಡಿದ್ದೇವೆ ಅಂತ. ಅರ್ಧ ದಾರಿ ಸರಿಯಾಗೇ ಹೋಯಿತು. ಆಮೇಲೆ ಮುಂದಿನ ಸಾಲು ಬಾಯಿಗೆ ಬರಲೇ ಇಲ್ಲ.

ನೀನಾಗಿದ್ದರೆ ಏನು ಮಾಡುತ್ತಿದ್ದೆ? ಶಾಲೆಯ ವಾರ್ಷಿಕೋತ್ಸವದಲ್ಲಿ ಪದ ಮರೆತರೆ ನಾವು ನಿಂತುಬಿಡುತ್ತೇವೆ. ಮುಖ ಕೆಂಪಾಗುತ್ತದೆ, ಟೀಚರ್ ಕಡೆ ನೋಡುತ್ತೇವೆ. ಎಲಾ ನಿಲ್ಲಲಿಲ್ಲ. ಹಿಂದೆ ಪಿಯಾನೋ, ಗಿಟಾರ್, ಬಾಸ್, ಡ್ರಮ್ಸ್ ನುಡಿಸುತ್ತಲೇ ಇದ್ದವು. ತಾಳ ಓಡುತ್ತಲೇ ಇತ್ತು. ಎಲಾ ಆ ತಾಳಕ್ಕೆ ಸರಿಯಾಗಿ, ಅದೇ ರಾಗದಲ್ಲಿ, ‘ಮುಂದಿನ ಸಾಲು ಯಾವುದು, ನನಗೆ ಗೊತ್ತಿಲ್ಲವಲ್ಲ’ ಅನ್ನುವ ಅರ್ಥದ ಮಾತನ್ನೇ ಹಾಡಾಗಿ ಹಾಡಿದರು. ಈ ಹಾಡನ್ನು ತಮಗಿಂತ ಮುಂಚೆ ಹಾಡಿದ್ದ ಬಾಬಿ ಡ್ಯಾರಿನ್, ಲೂಯಿ ಆರ್ಮ್‌ಸ್ಟ್ರಾಂಗ್ ಎಂಬ ಇಬ್ಬರು ಗಾಯಕರ ಹೆಸರನ್ನೂ ಒಳಗೆ ಸೇರಿಸಿದರು. ಆರ್ಮ್‌ಸ್ಟ್ರಾಂಗ್ ಅವರ ಗೊಗ್ಗರು ಧ್ವನಿಯನ್ನು ಅನುಕರಿಸಿ ಒಂದಿಷ್ಟು ಹಾಡಿದರು. ಕೊನೆಗೆ, ನಾವು ಈ ಹಾಡನ್ನು ಹಾಳು ಮಾಡುತ್ತಿದ್ದೇವೆ ಅಂತಲೂ ಹಾಡಿನಲ್ಲೇ ಹೇಳಿಬಿಟ್ಟರು! ಜನ ಕುಣಿದಾಡಿದರು. ಆ ಮರೆತ ಹಾಡಿಗೇ ಅವರಿಗೆ ಗ್ರ್ಯಾಮಿ ಪ್ರಶಸ್ತಿ ಬಂತು. ಸಂಗೀತಕ್ಕೆ ಅಮೆರಿಕದಲ್ಲಿ ಕೊಡುವ ದೊಡ್ಡ ಪ್ರಶಸ್ತಿ ಅದು.

ಇನ್ನು ನೀನು ಕಾರಿನಲ್ಲಿ ಕೇಳಿದ ‘ಡೂ ಬಿ ಡೂ’ ವಿಷಯ. ಅದಕ್ಕೆ ಸ್ಕ್ಯಾಟ್ ಅನ್ನುತ್ತಾರೆ. ಅರ್ಥವಿಲ್ಲದ ಅಕ್ಷರಗಳನ್ನು ಇಟ್ಟುಕೊಂಡು, ಅಲ್ಲೇ ಆ ಕ್ಷಣದಲ್ಲೇ ಹೊಸ ರಾಗ ಕಟ್ಟುತ್ತಾ ಹೋಗುವುದು. 1926ರಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ರೆಕಾರ್ಡ್ ಮಾಡುವಾಗ ಹಾಡು ಬರೆದ ಕಾಗದ ಕೈಯಿಂದ ಜಾರಿ ಬಿತ್ತು, ಅದಕ್ಕೇ ಬಾಯಿಗೆ ಬಂದ ಅಕ್ಷರ ಹಾಡಿದರು, ಹೀಗೆ ಸ್ಕ್ಯಾಟ್ ಹುಟ್ಟಿತು ಅಂತ ಒಂದು ಕಥೆ ಇದೆ. ಕಥೆ ಚೆನ್ನಾಗಿದೆ, ಆದರೆ ಅದಕ್ಕೂ ಮೊದಲೇ ಬೇರೆಯವರು ಹಾಗೆ ಹಾಡಿದ್ದರು. ಆರ್ಮ್‌ಸ್ಟ್ರಾಂಗ್ ಹಾಡಿದ ಮೇಲೆ ಅದು ಎಲ್ಲರಿಗೂ ಗೊತ್ತಾಯಿತು ಅಷ್ಟೇ.

ನೀನು ಸಂಗೀತ ಕಲಿಯುತ್ತಿರುವುದರಿಂದ ಇದು ನಿನಗೆ ಬೇಗ ಅರ್ಥವಾಗುತ್ತದೆ. ತಿಲ್ಲಾನದಲ್ಲಿ ‘ಧೀಂ ತನನ’ ಅಂತ ಬರುತ್ತದಲ್ಲ, ಅದಕ್ಕೆ ಅರ್ಥ ಏನು ಅಂತ ಯಾರೂ ಕೇಳುವುದಿಲ್ಲ. ಕೊನ್ನಕ್ಕೋಲು ಹೇಳುವವರು ಬಾಯಲ್ಲೇ ‘ತಕ ಧಿಮಿ ತಕ ಜುಣು’ ಅಂತ ಮೃದಂಗದ ಮಾತಾಡುತ್ತಾರೆ. ಸ್ಕ್ಯಾಟ್ ಅದಕ್ಕೆ ಹತ್ತಿರ. ಆದರೆ ಕೊನ್ನಕ್ಕೋಲಿನಲ್ಲಿ ಇರುವುದು ತಾಳವಾದ್ಯದ ದನಿ. ಸ್ಕ್ಯಾಟ್‌ನಲ್ಲಿ ಜಾಸ್ತಿ ಕೇಳಿಸುವುದು ಊದುವ ವಾದ್ಯಗಳು, ಅಂದರೆ ಟ್ರಂಪೆಟ್, ಟ್ರಾಂಬೋನ್, ಸ್ಯಾಕ್ಸೊಫೋನ್. ಎಲಾ ‘ಬಾಪ್’ ಅಂದರೆ ಅದು ಟ್ರಂಪೆಟ್‌ನ ಚೂಪು ದನಿ. ‘ಡೂ’ ಅಂತ ಎಳೆದರೆ ಸ್ಯಾಕ್ಸೊಫೋನ್‌ನ ಉದ್ದ ಉಸಿರು.

ಇನ್ನೊಂದು ವ್ಯತ್ಯಾಸ ಇದೆ. ಇದನ್ನು ಸ್ವಲ್ಪ ನಿಧಾನವಾಗಿ ಓದು. ನೀನು ಹಾಡುವಾಗ ತಂಬೂರಿ ಶ್ರುತಿ ಮೊದಲಿಂದ ಕೊನೆಯವರೆಗೂ ಒಂದೇ ಇರುತ್ತದೆ. ಅದು ಮನೆಯ ನೆಲದ ಹಾಗೆ, ಅಲುಗಾಡುವುದಿಲ್ಲ. ಜಾಝ್‌ನಲ್ಲಿ ಪಿಯಾನೋದವರು ಮೂರ್ನಾಲ್ಕು ಸ್ವರಗಳನ್ನು ಒಟ್ಟಿಗೆ ಒತ್ತುತ್ತಾರೆ. ಅದಕ್ಕೆ ಕಾರ್ಡ್ ಅನ್ನುತ್ತಾರೆ. ಆ ಕಾರ್ಡ್ ಎರಡು ನಾಲ್ಕು ಎಣಿಕೆಗೊಮ್ಮೆ ಬದಲಾಗುತ್ತಲೇ ಇರುತ್ತದೆ. ಈಗ ಚೆನ್ನಾಗಿ ಕೇಳಿಸಿದ ಸ್ವರ ಮುಂದಿನ ಕಾರ್ಡ್‌ಗೆ ಹೊಂದದೇ ಹೋಗಬಹುದು. ಹೊಳೆಯಲ್ಲಿ ಕಲ್ಲಿನಿಂದ ಕಲ್ಲಿಗೆ ನೆಗೆಯುತ್ತಾ ಹೋಗುತ್ತೇವಲ್ಲ, ಹಾಗೆ. ಎಲ್ಲಿ ಕಾಲಿಡಬೇಕು ಅನ್ನುವುದು ಕಾಲು ಎತ್ತುವ ಮೊದಲೇ ಗೊತ್ತಿರಬೇಕು. ಎಲಾ ಆ ಕಲ್ಲುಗಳ ಮೇಲೆ ಓಡುತ್ತಿದ್ದರು. ಕರ್ನಾಟಕ ಸಂಗೀತದಲ್ಲಿ ನಾವು ಮನೋಧರ್ಮ ಅನ್ನುತ್ತೇವಲ್ಲ, ಆ ಕ್ಷಣದಲ್ಲಿ ಹೊಳೆದದ್ದನ್ನು ಹಾಡುವುದು, ಜಾಝ್‌ನ ಜೀವವೂ ಅದೇ.

ಎಲ್ಲಿ ಕಲಿತರು ಅಂತ ಕೇಳಿದ್ದೀಯ. ಅವರಿಗೆ ಹಾಡು ಕಲಿಸಿದ ಗುರು ಅಂತ ಯಾರೂ ಇರಲಿಲ್ಲ. ಅವರು ಕೇಳಿ ಕೇಳಿ ಕಲಿತರು. ಇದು ಸುಮ್ನೆ ಹೇಳುವ ಮಾತಲ್ಲ. ಅವರ ಬದುಕಿನ ಯಾವ ತಿರುವು ನೋಡಿದರೂ ಅಲ್ಲಿ ಎಲಾ ಏನನ್ನೋ ಕೇಳಿಸಿಕೊಳ್ಳುತ್ತಾ ನಿಂತಿರುತ್ತಾರೆ.

ಎಲಾ ಹುಟ್ಟಿದ್ದು 1917ರ ಏಪ್ರಿಲ್ 25ರಂದು, ಅಮೆರಿಕದ ವರ್ಜೀನಿಯಾ ರಾಜ್ಯದ ನ್ಯೂಪೋರ್ಟ್ ನ್ಯೂಸ್ ಎಂಬ ಊರಿನಲ್ಲಿ. ಅಪ್ಪ ಅಮ್ಮ ಬೇಗ ಬೇರೆಯಾದರು. ಅಮ್ಮ ಟೆಂಪಿ ಮಗಳನ್ನು ಕರೆದುಕೊಂಡು ನ್ಯೂಯಾರ್ಕ್ ಪಕ್ಕದ ಯಾಂಕರ್ಸ್ ಊರಿಗೆ ಬಂದರು. ಅಲ್ಲಿ ಎಲಾಗೆ ಫ್ರಾನ್ಸಿಸ್ ಅನ್ನುವ ತಂಗಿ ಹುಟ್ಟಿದಳು. ಮನೆಯಲ್ಲಿ ದುಡ್ಡು ಕಮ್ಮಿ. ಆದರೆ ಅಮ್ಮ ಒಂದು ದಿನ ಕಾನೀ ಬಾಸ್ವೆಲ್ ಎಂಬ ಗಾಯಕಿಯ ರೆಕಾರ್ಡ್ ತಂದರು. ಎಲಾ ಅದನ್ನು ಮತ್ತೆ ಮತ್ತೆ ಕೇಳಿದಳು. ಕಾನೀ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ, ಯಾವ ಪದವನ್ನು ತಡಮಾಡಿ ಹೇಳುತ್ತಾರೆ, ಎಲ್ಲಿ ಧ್ವನಿ ಜಾರಿಸುತ್ತಾರೆ, ಎಲ್ಲ ಕಿವಿಯಲ್ಲಿ ಕೂತುಬಿಟ್ಟಿತು. ವಿಚಿತ್ರ ಅಂದರೆ ಆಗ ಅವಳಿಗೆ ಗಾಯಕಿ ಆಗುವ ಆಸೆ ಇರಲಿಲ್ಲ. ಅವಳ ಆಸೆ ಕುಣಿಯುವುದು. ಓಣಿಯಲ್ಲಿ, ಶಾಲೆಯಲ್ಲಿ, ಎಲ್ಲೆಂದರಲ್ಲಿ ಕುಣಿಯುತ್ತಿದ್ದಳು.

1932ರಲ್ಲಿ ಅಮ್ಮ ತೀರಿಕೊಂಡರು. ಎಲಾಗೆ ಆಗ 15 ವರ್ಷ. ನ್ಯೂಯಾರ್ಕ್‌ನ ಹಾರ್ಲೆಮ್‌ನಲ್ಲಿದ್ದ ಚಿಕ್ಕಮ್ಮನ ಮನೆಗೆ ಹೋದಳು. ಹಾರ್ಲೆಮ್ ಅಂದರೆ ಕಪ್ಪು ಜನರು ಹೆಚ್ಚಾಗಿ ಇದ್ದ ಬಡಾವಣೆ, ಸಂಗೀತ ತುಂಬಿ ತುಳುಕುತ್ತಿದ್ದ ಜಾಗ. ಆದರೆ ಅಮ್ಮನಿಲ್ಲದ ಹುಡುಗಿಗೆ ಶಾಲೆಯ ಮೇಲೆ ಮನಸ್ಸು ನಿಲ್ಲಲಿಲ್ಲ. ಶಾಲೆ ತಪ್ಪಿಸಿದಳು. ತೊಂದರೆಗೆ ಸಿಕ್ಕಳು. ಸರ್ಕಾರದವರು ಅವಳನ್ನು ಮೊದಲು ಅನಾಥಾಲಯಕ್ಕೆ, ಆಮೇಲೆ ಹಡ್ಸನ್ ಎಂಬ ಊರಿನ ಹುಡುಗಿಯರ ಸುಧಾರಣಾ ಶಾಲೆಗೆ ಕಳಿಸಿದರು. ಅಲ್ಲಿ ಮಕ್ಕಳನ್ನು ತುಂಬಾ ಕಠಿಣವಾಗಿ ನಡೆಸಿಕೊಳ್ಳುತ್ತಿದ್ದರು. ಅಲ್ಲೊಂದು ಹಾಡುವ ತಂಡವಿತ್ತು. ಆದರೆ ಅದರಲ್ಲಿ ಬಿಳಿ ಬಣ್ಣದ ಹುಡುಗಿಯರಿಗೆ ಮಾತ್ರ ಜಾಗ. ಮುಂದೆ ಜಗತ್ತೇ ಕೇಳಲಿದ್ದ ಧ್ವನಿ ಅಲ್ಲೇ ಇತ್ತು, ಮೈಬಣ್ಣ ನೋಡಿ ಹೊರಗಿಟ್ಟರು. ಇದನ್ನು ಬರೆಯುವಾಗ ನನಗೆ ಈಗಲೂ ಸಂಕಟವಾಗುತ್ತದೆ.

ಎಲಾ ಅಲ್ಲಿಂದ ಓಡಿಬಂದಳು. ಮತ್ತೆ ಹಾರ್ಲೆಮ್. ಈ ಸಲ ಮನೆಯೂ ಇಲ್ಲ. ಬೀದಿಯಲ್ಲಿ ಕುಣಿದು, ಹಾಡಿ, ಸಿಕ್ಕಿದ ಚಿಲ್ಲರೆಯಲ್ಲಿ ದಿನ ದೂಡಿದಳು. ಈ ದಿನಗಳ ಬಗ್ಗೆ ದೊಡ್ಡವರಾದ ಮೇಲೆ ಎಲಾ ಬಾಯಿ ಬಿಡುತ್ತಿದ್ದದ್ದು ಬಹಳ ಕಡಿಮೆ.

ಈಗ 1934ರ ನವೆಂಬರ್ 21ಕ್ಕೆ ಬರೋಣ. ಹಾರ್ಲೆಮ್‌ನ ಅಪೊಲೊ ಥಿಯೇಟರ್. ಅಲ್ಲಿ ಹೊಸಬರಿಗಾಗಿ ಸ್ಪರ್ಧೆ ನಡೆಯುತ್ತಿತ್ತು. ಯಾರು ಬೇಕಾದರೂ ವೇದಿಕೆ ಹತ್ತಬಹುದು. ಆದರೆ ಅಲ್ಲಿನ ಪ್ರೇಕ್ಷಕರು ತುಂಬಾ ಕಟ್ಟುನಿಟ್ಟು. ಇಷ್ಟವಾದರೆ ತಲೆ ಮೇಲೆ ಹೊತ್ತು ಮೆರೆಸುತ್ತಾರೆ. ಇಷ್ಟವಾಗದಿದ್ದರೆ ಕೂಗಿ ಓಡಿಸುತ್ತಾರೆ. ಎಲಾ ಕುಣಿಯೋಣ ಅಂತ ಹೆಸರು ಕೊಟ್ಟಿದ್ದಳು. 17 ವರ್ಷ, ಹಳೇ ಬಟ್ಟೆ. ಅವಳಿಗಿಂತ ಮೊದಲು ಎಡ್ವರ್ಡ್ಸ್ ಸಿಸ್ಟರ್ಸ್ ಅನ್ನುವ ಇಬ್ಬರು ಬಂದು ಕುಣಿದರು. ಥಳಥಳ ಉಡುಪು, ಮಿಂಚಿನಂಥ ಕಾಲು. ಪರದೆಯ ಹಿಂದೆ ನಿಂತಿದ್ದ ಎಲಾಗೆ ಜಂಘಾಬಲವೇ ಉಡುಗಿಹೋಯಿತು. ಇವರ ನಂತರ ನಾನು ಕುಣಿಯಲಾರೆ ಅನಿಸಿತು. ಅಷ್ಟರಲ್ಲಿ ಅವಳ ಹೆಸರು ಕೂಗಿದರು.

ವೇದಿಕೆಗೆ ಹೋದಳು. ಕುಣಿಯಲಿಲ್ಲ, ಹಾಡಿದಳು. ‘ಜೂಡಿ’ ಅನ್ನುವ ಹಾಡು. ಅಮ್ಮ ತಂದ ಆ ರೆಕಾರ್ಡ್ ನೆನಪಿದೆಯಲ್ಲ? ಅದೇ ಕಾನೀ ಬಾಸ್ವೆಲ್ ರೀತಿಯಲ್ಲಿ ಹಾಡಿದಳು. ಜನ ಇನ್ನೊಂದು, ಇನ್ನೊಂದು ಅಂದರು. ಇನ್ನೊಂದೂ ಹಾಡಿದಳು. ಮೊದಲ ಬಹುಮಾನ 25 ಡಾಲರ್ ಅವಳಿಗೇ ಸಿಕ್ಕಿತು. ಗೆದ್ದವರಿಗೆ ಅಲ್ಲಿ ಒಂದು ವಾರ ಹಾಡುವ ಅವಕಾಶ ಕೊಡಬೇಕಿತ್ತು. ಅದನ್ನು ಮಾತ್ರ ಕೊಡಲಿಲ್ಲ. ಅವಳ ಬಟ್ಟೆಬರೆ, ಅವತಾರ ನೋಡಿ ಬೇಡ ಅಂದರು ಅಂತ ಹೇಳುತ್ತಾರೆ.

ಆದರೆ ಕೇಳಿದವರು ಮರೆಯಲಿಲ್ಲ. ಚಿಕ್ ವೆಬ್ ಅನ್ನುವ ಡ್ರಮ್ಸ್ ವಾದಕರ ಕಿವಿಗೆ ಅವಳ ಹೆಸರು ಬಿತ್ತು. ಅವರ ಬಗ್ಗೆ ಹೇಳಲೇಬೇಕು. ಚಿಕ್ಕಂದಿನಲ್ಲೇ ಬೆನ್ನುಮೂಳೆಗೆ ಕ್ಷಯ ತಗಲಿ ಅವರ ಬೆನ್ನು ಬಾಗಿತ್ತು, ಎತ್ತರವೂ ತೀರಾ ಕಡಿಮೆ. ಆದರೆ ಡ್ರಮ್ಸ್ ಹಿಂದೆ ಕೂತರೆ ಹಾರ್ಲೆಮ್‌ನಲ್ಲಿ ಅವರಿಗೆ ಸರಿಸಾಟಿ ಇರಲಿಲ್ಲ. ಸವಾಯ್ ಬಾಲ್‌ರೂಂ ಎಂಬ ನೃತ್ಯಶಾಲೆಯಲ್ಲಿ ಅವರ ಬ್ಯಾಂಡ್ ನುಡಿಸುತ್ತಿತ್ತು. ಕಪ್ಪು ಜನ, ಬಿಳಿ ಜನ ಒಟ್ಟಿಗೆ ಕುಣಿಯುತ್ತಿದ್ದ ಅಪರೂಪದ ಜಾಗ ಅದು. ಎಲಾಳನ್ನು ನೋಡಿದಾಗ ವೆಬ್‌ಗೂ ಮೊದಲು ಮನಸ್ಸಿರಲಿಲ್ಲ. ಯೇಲ್ ವಿಶ್ವವಿದ್ಯಾಲಯದ ಒಂದು ನೃತ್ಯ ಕಾರ್ಯಕ್ರಮದಲ್ಲಿ ಹಾಡಿಸಿ ನೋಡೋಣ ಅಂದರು. ಹುಡುಗರಿಗೆಲ್ಲ ಇಷ್ಟವಾಯಿತು. ಕೆಲಸ ಸಿಕ್ಕಿತು. ಅದು 1935.

1938ರಲ್ಲಿ ಚಿಕ್ ವೆಬ್ ಆಸ್ಪತ್ರೆ ಸೇರಿದರು. ಅವರಿಗೆ ಖುಷಿಯಾಗಲಿ ಅಂತ ಎಲಾ ಒಂದು ಹಾಡು ಯೋಚಿಸಿದರು. ಹೊಸದೇನಲ್ಲ, ಮಕ್ಕಳು ಆಟದಲ್ಲಿ ಹೇಳುವ ಹಳೇ ಹಾಡು, ‘ಎ ಟಿಸ್ಕೆಟ್, ಎ ಟ್ಯಾಸ್ಕೆಟ್’. ನಾವು ಗುಂಡಗೆ ಕೂತು, ಒಬ್ಬರು ಸುತ್ತ ಓಡುತ್ತಾ ಯಾರದ್ದೋ ಬೆನ್ನ ಹಿಂದೆ ಟೋಪಿಯನ್ನೋ ಕರವಸ್ತ್ರವನ್ನೋ ಬೀಳಿಸುವ ಆಟ ಆಡುತ್ತೇವಲ್ಲ, ಅಂಥ ಆಟದ ಹಾಡು. ಬ್ಯಾಂಡಿಗೆ ಸಂಗೀತ ಬರೆದುಕೊಡುತ್ತಿದ್ದ ವ್ಯಾನ್ ಅಲೆಕ್ಸಾಂಡರ್ ಅದನ್ನು ಸಿದ್ಧಪಡಿಸಿದರು. ಹಾಡಿನಲ್ಲಿ ಒಬ್ಬ ಪುಟ್ಟ ಹುಡುಗಿ ತನ್ನ ಬುಟ್ಟಿ ಕಳೆದುಕೊಂಡಿದ್ದಾಳೆ. ಬ್ಯಾಂಡಿನ ಗಂಡಸರೆಲ್ಲ ಒಟ್ಟಿಗೆ ಕೇಳುತ್ತಾರೆ: ಹಸಿರಾ? ಎಲಾ: ಇಲ್ಲ ಇಲ್ಲ ಇಲ್ಲ! ಕೆಂಪಾ? ಇಲ್ಲ ಇಲ್ಲ ಇಲ್ಲ! ನೀಲಿನಾ? ಅದೂ ಅಲ್ಲ. ಪುಟ್ಟ ಹಳದಿ ಬುಟ್ಟಿ! ಅಮೆರಿಕದಲ್ಲಿ ಮನೆಮನೆಯಲ್ಲಿ ಅದೇ ಹಾಡು. ಹತ್ತು ಲಕ್ಷಕ್ಕೂ ಜಾಸ್ತಿ ರೆಕಾರ್ಡ್ ಮಾರಾಟವಾಯಿತು. ಎಲಾಗೆ ಆಗಿನ್ನೂ 21 ವರ್ಷ. ಈ ಹಾಡನ್ನು ನೀನು ಮೊದಲು ಕೇಳಬೇಕು. ಇಂಗ್ಲಿಷ್ ಪೂರ್ತಿ ಬರದಿದ್ದರೂ ನಡೆಯುತ್ತದೆ. ಬುಟ್ಟಿ ಕಳೆದುಕೊಂಡ ಮಗುವಿನ ಅಳುಮುಖ ಧ್ವನಿಯಲ್ಲೇ ಕಾಣಿಸುತ್ತದೆ.

ಮುಂದಿನ ವರ್ಷ, 1939ರಲ್ಲಿ ಚಿಕ್ ವೆಬ್ ತೀರಿಕೊಂಡರು. ಬ್ಯಾಂಡ್ ಎಲಾ ಹೆಸರಿನಲ್ಲಿ ಮುಂದುವರಿಯಿತು. 22 ವರ್ಷದ, ಮಾತೇ ಆಡದ ನಾಚಿಕೆ ಸ್ವಭಾವದ ಹುಡುಗಿಯ ಹೆಸರಿನಲ್ಲಿ ದೊಡ್ಡ ದೊಡ್ಡ ವಾದಕರ ತಂಡ! 1942ರವರೆಗೆ ಅದು ನಡೆಯಿತು.

ಸ್ಕ್ಯಾಟ್ ಅವರ ಗಂಟಲಿಗೆ ಪೂರ್ತಿ ಬಂದದ್ದು ಅದಾದ ಮೇಲೆ. ಆಗ ಜಾಝ್‌ನಲ್ಲಿ ಬೀಬಾಪ್ ಅನ್ನುವ ಹೊಸ ಶೈಲಿ ಹುಟ್ಟುತ್ತಿತ್ತು. ತುಂಬಾ ವೇಗ, ತುಂಬಾ ತಿರುವು. ಎಲಾ ಟ್ರಂಪೆಟ್ ವಾದಕ ಡಿಝಿ ಗಿಲೆಸ್ಪಿ ಅವರ ಬ್ಯಾಂಡಿನ ಜೊತೆ ಊರೂರು ಸುತ್ತಿದರು. ಬ್ಯಾಂಡಿನ ತುತ್ತೂರಿಗಳು ಏನು ಮಾಡುತ್ತಿವೆಯೋ ಅದನ್ನೇ ಮಾಡಲು ನೋಡಿದೆ ಅಂತ ಅವರೇ ಆಮೇಲೆ ಹೇಳಿದ್ದಾರೆ. ಬಾಸ್ವೆಲ್ ರೆಕಾರ್ಡ್ ಕೇಳಿದ ಅದೇ ಕಿವಿ ಈಗ ಟ್ರಂಪೆಟ್ ಕೇಳುತ್ತಿತ್ತು. 1945ರ ‘ಫ್ಲೈಯಿಂಗ್ ಹೋಮ್’, 1947ರ ‘ಓ ಲೇಡಿ ಬಿ ಗುಡ್’ ಕೇಳು. ಮೂರು ಸ್ಥಾಯಿಗಳಲ್ಲಿ ಧ್ವನಿ ಹೇಗೆ ಮೇಲೆ ಕೆಳಗೆ ಓಡಾಡುತ್ತದೆ ಅಂತ ಗೊತ್ತಾಗುತ್ತದೆ.

ಇಷ್ಟು ಹೆಸರು ಬಂದರೂ ಬಣ್ಣದ ತೊಂದರೆ ಬಿಡಲಿಲ್ಲ. ಆಗ ಅಮೆರಿಕದ ಎಷ್ಟೋ ಊರುಗಳಲ್ಲಿ ಕಪ್ಪು ಜನರಿಗೆ ಬೇರೆ ಸೀಟು, ಬೇರೆ ಬಾಗಿಲು, ಬೇರೆ ಹೋಟೆಲ್. ಎಲಾ ಅವರ ಮ್ಯಾನೇಜರ್ ನಾರ್ಮನ್ ಗ್ರಾಂಝ್ ಇದನ್ನು ಒಪ್ಪುತ್ತಿರಲಿಲ್ಲ. ನಮ್ಮ ಕಛೇರಿಯಲ್ಲಿ ಎಲ್ಲರೂ ಒಟ್ಟಿಗೆ ಕೂರಬೇಕು, ಇಲ್ಲದಿದ್ದರೆ ಹಾಡುವುದಿಲ್ಲ ಅನ್ನುತ್ತಿದ್ದರು. 1955ರಲ್ಲಿ ಟೆಕ್ಸಾಸ್‌ನ ಹ್ಯೂಸ್ಟನ್‌ನಲ್ಲಿ ಹಾಗೇ ಎಲ್ಲರನ್ನೂ ಒಟ್ಟಿಗೆ ಕೂರಿಸಿದರು. ಅವತ್ತು ಪೊಲೀಸರು ಎಲಾ ಕೋಣೆಗೆ ನುಗ್ಗಿದರು. ಅಲ್ಲಿ ಕೆಲವರು ದಾಳ ಆಡುತ್ತಿದ್ದರು. ಎಲಾ ಒಂದು ತುಂಡು ಪೈ ತಿಂದು ಕಾಫಿ ಕುಡಿಯುತ್ತಿದ್ದರು. ಜೂಜಿನ ನೆಪ ಹೇಳಿ ಎಲ್ಲರನ್ನೂ ಠಾಣೆಗೆ ಕರೆದೊಯ್ದರು. ಠಾಣೆಗೆ ಹೋದ ಮೇಲೆ ಪೊಲೀಸರೇ ಎಲಾ ಅವರ ಹಸ್ತಾಕ್ಷರ ಕೇಳಿದರಂತೆ! ಎಲಾ ಅತ್ತಿದ್ದರು. ಆದರೂ ಅದೇ ರಾತ್ರಿ ವಾಪಸ್ ಬಂದು ಹಾಡಿದರು. ಕೇಸು ಆಮೇಲೆ ಬಿದ್ದುಹೋಯಿತು. ಅದೇ ವರ್ಷ ಹಾಲಿವುಡ್‌ನ ದೊಡ್ಡ ಕ್ಲಬ್ ಒಂದರಲ್ಲಿ ಎಲಾಗೆ ಹಾಡುವ ಅವಕಾಶ ಸಿಗಲಿ ಅಂತ ಸಿನಿಮಾ ನಟಿ ಮರ್ಲಿನ್ ಮನ್ರೋ ತಾವಾಗಿ ಕ್ಲಬ್ಬಿನವರ ಜೊತೆ ಮಾತಾಡಿದರು. ಆ ಉಪಕಾರವನ್ನು ಎಲಾ ಎಷ್ಟೋ ವರ್ಷಗಳ ನಂತರವೂ ನೆನೆದಿದ್ದಾರೆ.

1956ರಿಂದ 1964ರವರೆಗೆ ಎಲಾ ಒಂದು ದೊಡ್ಡ ಕೆಲಸ ಮಾಡಿದರು. ಅಮೆರಿಕದ ಶ್ರೇಷ್ಠ ಹಾಡುಗಳ ರಚನಕಾರರನ್ನು ಒಬ್ಬೊಬ್ಬರಾಗಿ ತೆಗೆದುಕೊಂಡು, ಅವರ ಹಾಡುಗಳ ಸರಣಿಯನ್ನೇ ರೆಕಾರ್ಡ್ ಮಾಡಿದರು. ಕೋಲ್ ಪೋರ್ಟರ್, ಡ್ಯೂಕ್ ಎಲಿಂಗ್ಟನ್, ಗರ್ಶ್ವಿನ್ ಸಹೋದರರು, ಹೀಗೆ ಒಟ್ಟು ಎಂಟು ಸಂಗ್ರಹ. ಇವುಗಳಲ್ಲಿ ಸ್ಕ್ಯಾಟ್ ಕಡಿಮೆ. ಪ್ರತಿ ಪದವೂ ತೊಳೆದಿಟ್ಟ ಹಾಗೆ ಸ್ಪಷ್ಟ. ಗ್ರ್ಯಾಮಿ ಪ್ರಶಸ್ತಿ ಶುರುವಾದ ಮೊದಲ ವರ್ಷವೇ, 1959ರಲ್ಲಿ, ಎಲಾಗೆ ಎರಡು ಬಂದವು. ಗ್ರ್ಯಾಮಿ ಪಡೆದ ಮೊದಲ ಕಪ್ಪು ಮಹಿಳೆ ಅವರೇ. ಒಟ್ಟು 13 ಪಡೆದರು.

ಕೊನೆಯ ವರ್ಷಗಳು ಸುಲಭವಾಗಿರಲಿಲ್ಲ. ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಯಿತು. 1993ರಲ್ಲಿ ಎರಡೂ ಕಾಲುಗಳನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ಕುಣಿಯಬೇಕು ಅಂತ ಆಸೆಪಟ್ಟಿದ್ದ ಹುಡುಗಿಯ ಕಾಲುಗಳು. 1996ರ ಜೂನ್ 15ರಂದು ಬೆವರ್ಲಿ ಹಿಲ್ಸ್‌ನ ತಮ್ಮ ಮನೆಯಲ್ಲಿ ಅವರು ತೀರಿಕೊಂಡರು. 79 ವರ್ಷವಾಗಿತ್ತು. ಅವರು ಬೆಳೆದ ಯಾಂಕರ್ಸ್ ಊರಿನ ರೈಲು ನಿಲ್ದಾಣದ ಹತ್ತಿರ ಈಗ ಅವರ ಕಂಚಿನ ಪ್ರತಿಮೆ ಇದೆ.

ಈಗ ನಿನ್ನ ಕೊನೆಯ ಪ್ರಶ್ನೆ. ನೀನೂ ಹಾಗೆ ಹಾಡಬಹುದಾ? ಖಂಡಿತ ಶುರು ಮಾಡಬಹುದು. 1964ರ ಬೇಸಿಗೆಯಲ್ಲಿ ಎಲಾ ಫ್ರಾನ್ಸ್‌ನ ಕಡಲತೀರದ ಊರೊಂದರಲ್ಲಿ ಬಯಲಿನಲ್ಲಿ ಹಾಡುತ್ತಿದ್ದರು. ಸುತ್ತ ಮರಗಳಲ್ಲಿ ಕೀಟಗಳು ಜೀಂ ಅಂತ ಕೂಗಲು ಶುರು ಮಾಡಿದವು. ಬೇರೆಯವರಾಗಿದ್ದರೆ ಬೇಜಾರು ಮಾಡಿಕೊಳ್ಳುತ್ತಿದ್ದರು. ಎಲಾ ಹಾಡು ನಿಲ್ಲಿಸಿ ಅವುಗಳನ್ನು ಕೇಳಿದರು. ಆಮೇಲೆ ಆ ಕೀಟಗಳ ಮೇಲೆಯೇ ಅಲ್ಲೇ ಒಂದು ಹಾಡು ಕಟ್ಟಿ ಹಾಡಿದರು. ಅದೂ ರೆಕಾರ್ಡ್ ಆಗಿದೆ.

ಹಾಗಾಗಿ ನೀನೂ ಅಲ್ಲಿಂದಲೇ ಶುರು ಮಾಡು. ಒಂದು, ಎರಡು, ಮೂರು, ನಾಲ್ಕು ಅಂತ ಎಣಿಸುತ್ತಾ ಎರಡಕ್ಕೆ ಮತ್ತು ನಾಲ್ಕಕ್ಕೆ ಮಾತ್ರ ಚಪ್ಪಾಳೆ ಹಾಕು. ನಮ್ಮ ಕೈಗೆ ಮೊದಲ ಎಣಿಕೆಗೆ ತಟ್ಟಿಯೇ ಅಭ್ಯಾಸ, ಅದಕ್ಕೆ ಮೊದಮೊದಲು ತಪ್ಪುತ್ತದೆ. ಪರವಾಗಿಲ್ಲ. ಕೈ ಕೂತ ಮೇಲೆ ನಿನಗೆ ಚೆನ್ನಾಗಿ ಗೊತ್ತಿರುವ ಯಾವುದಾದರೂ ಹಾಡನ್ನು ಪದ ಬಿಟ್ಟು ಬರೀ ‘ದ’, ‘ಬ’, ‘ಡೂ’ಗಳಲ್ಲಿ ಹಾಡು. ಆಮೇಲೆ ಒಂದು ಸಾಲನ್ನು ಸ್ವಲ್ಪ ಬದಲಾಯಿಸು. ಅಡುಗೆಮನೆಯಲ್ಲಿ ಕುಕ್ಕರ್ ಕೂಗಿದರೆ ಅದಕ್ಕೆ ಬಾಯಲ್ಲೇ ಉತ್ತರ ಕೊಡು. ಮಳೆ ಬಂದ ರಾತ್ರಿ ಕಪ್ಪೆ, ಜೀರುಂಡೆ ಏನು ತಾಳ ಹಿಡಿದಿವೆ ಅಂತ ಕಿಟಕಿ ಹತ್ತಿರ ಕೂತು ಕೇಳು. ಸಂಗೀತ ಪಾಠ ಮಾತ್ರ ಬಿಡಬೇಡ. ಶ್ರುತಿ ಮತ್ತು ತಾಳ ಗಟ್ಟಿಯಾಗಿದ್ದರೆ ಜಾಝ್‌ಗೂ ಅದೇ ಬೇಕು.

ಅಪ್ಪನಿಗೆ ಹೇಳಿ ಆ ಬರ್ಲಿನ್ ರೆಕಾರ್ಡಿಂಗ್ ಹಾಕಿಸು. ಎಲಾ ಯಾವ ಜಾಗದಲ್ಲಿ ಪದ ಮರೆಯುತ್ತಾರೆ ಅಂತ ನೀನೇ ಹುಡುಕು. ಗುರುತು ಹೇಳುತ್ತೇನೆ: ಅಲ್ಲಿ ಅವರ ಧ್ವನಿಯಲ್ಲಿ ನಗು ಸೇರಿಕೊಳ್ಳುತ್ತದೆ. ತಾಳ ಮಾತ್ರ ಒಂದು ಚೂರೂ ಅಲುಗಾಡುವುದಿಲ್ಲ.